ಗುಳ್ಳೆ ನಿಲ್ಲದ ಬಾಟಲಿ

ಸಾರ್ಜೆಂಟ್ ಅಲೊಯ್ಸ್ ಗಿಗ್ಮಾಯ್ ನೀರಿನ ಬಾಟಲಿಯೊಳಕ್ಕೆ ಕಿರುಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ.

"ಅದನ್ಯಾಕೆ ಬಾಯಿಗೆ ಹಾಕ್ಕೋತೀರಿ?" ಎಂದರು ಸಿಸ್ಟರ್ ಸ್ಕೊಲಾಸ್ಟಿಕಾ, ಕೂತ ಸ್ಟೂಲಿನಿಂದ ಏಳದೆಯೇ. "ಚಾ ಬೇಕಿದ್ರೆ ಕೇಳಿ. ಸೊಪ್ಪಿಲ್ಲ, ಸಕ್ಕರೆ ಇಲ್ಲ. ಬಿಸಿನೀರು ಮಾತ್ರ ಎಷ್ಟು ಬೇಕಾದ್ರೂ ಇದೆ."

"ಇದು ಉಪ್ಪಗಿದೆ ಸಿಸ್ಟರ್."

"ಉಪ್ಪಗೆ ಯಾಕಿರುತ್ತೆ? ಕಾಯಿಸಿ ಆರಿಸಿದ ಮಳೆನೀರು ಅದು. ತುಂಬೋಳು ನಾನೇ."

"ಹಾಗಾದ್ರೆ ನೀವೇ ನೋಡಿ."

ಸಿಸ್ಟರ್ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡರು. ಹುಬ್ಬು ಗಂಟಾಯಿತು. ಎದ್ದು ಹೋಗಿ ಕಿಟಕಿಯ ಬಳಿಯ ಕೆಟಲಿನಿಂದ ಒಂದು ಗುಟುಕು ಬಗ್ಗಿಸಿಕೊಂಡು ಕುಡಿದರು. ಕೆಟಲಿನ ನೀರು ಸಪ್ಪೆ. ಬಾಟಲಿಯ ನೀರು ಮಾತ್ರ ಉಪ್ಪು.

ಬೆಟ್ಟದ ಹಿರಿಯ ಕೆರೆಂಗಾನ ಹಸುಗೂಸು ಮೊಮ್ಮಗ ಕಡೆಯ ಉಸಿರು ಎಳೆದದ್ದು ನಿನ್ನೆ ಬೆಳಗ್ಗೆ, ಇದೇ ಕೋಣೆಯಲ್ಲಿ, ಇದೇ ಬಾಟಲಿಗೆ ಸೇರಿದ ಕೊಳವೆಯನ್ನು ಮೂಗಿನಲ್ಲಿಟ್ಟುಕೊಂಡು.

ಅದೇ ಯಂತ್ರದ ಇನ್ನೊಂದು ಕೊಳವೆಯಿಂದ ಆಕ್ಸಿಜನ್ ಕುಡಿಯುತ್ತಿದ್ದ ಪಕ್ಕದ ತೊಟ್ಟಿಲ ಮಗು ಬದುಕಿತ್ತು. ಬದುಕಿದ ಮಗುವಿನ ಅಜ್ಜಿ ತೆಕ್ಲಾ, ವಿಧವೆ, ಬೇರೆ ಕಣಿವೆಯಿಂದ ಬಂದವಳು. ಸತ್ತ ಮಗುವಿನ ಉಸಿರು ಕದ್ದು ತನ್ನ ಮೊಮ್ಮಗುವಿಗೆ ಕುಡಿಸಿದಳು, ಮಾಟಗಾತಿ, ಎಂದು ಕೆರೆಂಗಾನ ಕುಲದವರು ಮೊದಲು ಪಿಸುಗುಟ್ಟಿದರು. ಆಮೇಲೆ ಗಟ್ಟಿಯಾಗಿಯೇ ಹೇಳಿದರು. ಸಿಸ್ಟರ್ ಅವಳನ್ನು ಕಾಯಲೆಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಇವತ್ತು ಹೊತ್ತು ಮುಳುಗುವ ಮುಂಚೆ ಹೆಣ ಮಣ್ಣಿಗಿಳಿಯುತ್ತದೆ. ಹೆಣ ಇಳಿದ ಮೇಲೆ ಅವಳನ್ನು ಹಿಡಿಯುತ್ತಾರೆ. ಹಾಗೆ ಹಿಡಿಸಿಕೊಂಡವರು ಮನೆಗೆ ಮರಳಿದ್ದನ್ನು ನಮ್ಮ ಬೆಟ್ಟಗಳಲ್ಲಿ ಯಾರೂ ಕಂಡಿಲ್ಲ.

ಅಲೊಯ್ಸ್ ಮಂಡಿ ತಿಕ್ಕಿಕೊಂಡು ನೆಲಕ್ಕೆ ಕೂತ. ಜೀಪು ಕಣಿವೆಯ ತಳದಲ್ಲೇ ನಿಂತುಹೋಗಿತ್ತು. ಮುಂಜಾವದಲ್ಲಿ ಹೊರಟು ಒಬ್ಬನೇ ಕಾಲ್ನಡಿಗೆಯಲ್ಲಿ ಮಿಷನ್ ಆಸ್ಪತ್ರೆಯ ಬೆಟ್ಟ ಹತ್ತಿ ಬಂದಿದ್ದ. ಇಂಥ ಸಾವುಗಳಿಗೆ ಎಷ್ಟು ಬೆಟ್ಟ ಹತ್ತಿದ್ದಾನೋ ಅವನಿಗೇ ನೆನಪಿಲ್ಲ. ಹತ್ತುವುದು ಪ್ರತಿಸಲವೂ ತಡವಾಗಿಯೇ.

"ಸಿಸ್ಟರ್, ಬೆಳಗ್ಗೆಯಿಂದ ವಾರ್ಡಿನ ಎಲ್ಲ ತಾಯಂದಿರನ್ನೂ ಕೇಳಿದೆ. ಎಲ್ಲರದೂ ಒಂದೇ ಮಾತು. ಗುಳ್ಳೆ ಬರ್ತಾನೇ ಇತ್ತು, ಗುಳ್ಳೆ ಬರ್ತಾನೇ ಇತ್ತು."

"ಬರ್ತಾನೇ ಇತ್ತು. ನಾನೂ ನೋಡಿದೀನಿ."

"ಅಂದ್ರೆ ಯಂತ್ರ ಸರಿ ಇತ್ತು. ಗಾಳಿ ಸರಿ ಇತ್ತು. ಅದಕ್ಕೇ ಮಾಟ ಅಂತಾರೆ."

"ಯಂತ್ರ ಸರಿಯಾಗೇ ಇದೆ. ಈಗಲೂ ಆ ಮಗು ಅದರಲ್ಲೇ ಉಸಿರಾಡ್ತಾ ಇದೆಯಲ್ಲ."

ಮೂಲೆಯಲ್ಲಿ ಯಂತ್ರ ಒಂದೇ ಸಮನೆ ಗೊರಗುಟ್ಟುತ್ತಿತ್ತು. ಕೋಣೆಯ ಗಾಳಿಯನ್ನು ಒಳಗೆಳೆದು, ಸೋಸಿ, ಆಕ್ಸಿಜನ್ ಮಾತ್ರ ಹೊರಗೆ ಬಿಡುವ ಪೆಟ್ಟಿಗೆ ಅದು. ಅದರಿಂದ ಎರಡು ಕೊಳವೆ, ಎರಡು ನೀರಿನ ಬಾಟಲಿ. ಒಣಗಾಳಿ ನೀರೊಳಗೆ ಮುಳುಗೆದ್ದು, ತೇವ ಹೊತ್ತು, ಬಾಟಲಿಯ ಮೇಲುಬಾಯಿಂದ ಹೊರಟು ಮಗುವಿನ ಮೂಗಿಗೆ ಸೇರಬೇಕು. ಉಳಿದ ಒಂದು ತೊಟ್ಟಿಲಿನ ಪಕ್ಕ ತೆಕ್ಲಾಳ ಮಗಳು ದೊರೊತೆಯಾ ಕೂತಿದ್ದಳು. ಚೊಚ್ಚಲ ಬಾಣಂತಿ. ತಲೆ ಎತ್ತಿರಲಿಲ್ಲ. ಬೊಗಸೆಯಷ್ಟೇ ಇದ್ದ ಮಗುವಿನ ಎದೆಯ ಮೇಲೆ ಎರಡು ಬೆರಳಿಟ್ಟು, ಅದರ ಏರಿಳಿತವನ್ನು ಬೆರಳಿಂದಲೇ ನೋಡುತ್ತಿದ್ದಳು.

"ಉಪ್ಪು ನೀರು ನಮ್ಮ ಬೆಟ್ಟದಲ್ಲಿ ಎಲ್ಲಿರುತ್ತೆ ಸಿಸ್ಟರ್? ಸಮುದ್ರ ನಾನು ನೋಡಿದ್ದೇ ಪೊಲೀಸ್ ತರಬೇತಿಗೆ ಹೋದಾಗ."

ಸಿಸ್ಟರ್ ಬಾಟಲಿಯನ್ನೇ ನೋಡಿದರು. "ಚರ್ಚಲ್ಲಿ," ಎಂದರು ನಿಧಾನಕ್ಕೆ. "ಈಸ್ಟರಿಗೆ ಫಾದರ್ ಉಪ್ಪು ಹಾಕಿ ಮಂತ್ರಿಸ್ತಾರೆ. ಎಲ್ಲರ ಮನೇಲೂ ಇರುತ್ತೆ ಆ ತೀರ್ಥ."

"ನಮ್ಮನೇಲೂ ಇದೆ. ನಡುಗಂಬಕ್ಕೆ ನೇತು ಹಾಕಿದೀವಿ. ಮಕ್ಕಳಿಗೆ ಜ್ವರ ಬಂದ್ರೆ ನಮ್ಮವಳು ಅದನ್ನೇ ಮೊದಲು ಕೊಡೋದು. ಅದಕ್ಕೇ ರುಚಿ ಗೊತ್ತಾಯ್ತು."

"ಯಾರೋ ಮಗುವಿನ ಉಸಿರಿಗೆ ತೀರ್ಥ ಬೆರೆಸಿದ್ದಾರೆ ಅಂತೀರಾ? ಅದೇನು ಪಾಪ ಅಲ್ಲವಲ್ಲ."

"ಪಾಪ ಅಲ್ಲ. ಆದ್ರೆ ಬೆರೆಸಬೇಕಾದ್ರೆ ಮುಚ್ಚಳ ತೆಗೀಬೇಕಲ್ಲ."

ಸಿಸ್ಟರ್ ಬಾಟಲಿಯ ಮುಚ್ಚಳವನ್ನು ಎತ್ತಿಕೊಂಡು ಅದರ ಒಳಸುತ್ತಿನ ತಿರುಪಿನ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು.

"ನೆನ್ನೆ ಇದನ್ನ ಬಿಚ್ಚಿದಾಗ..." ಎಂದರು. "ಒಂದು ಸುತ್ತಿಗೂ ಮೊದಲೇ ಕೈಗೆ ಬಂತು. ಯಾವಾಗ್ಲೂ ನಾನು ಬಟ್ಟೆ ಸುತ್ತಿ ಬಲವಾಗಿ ತಿರುವಬೇಕು. ನೆನ್ನೆ ಹಾಗೇ ಬಂತು."

"ಸಡಿಲ ಇದ್ರೆ ಏನಾಗುತ್ತೆ?"

"ಸಡಿಲ ಇದ್ರೂ, ವಾರೆ ಕೂತ್ರೂ ಒಂದೇ. ಯಂತ್ರದ ಗಾಳಿ ನೀರೊಳಗೆ ಬರುತ್ತೆ. ಗುಳ್ಳೆ ಏಳುತ್ತೆ. ಅಲ್ಲಿಂದ..." ಸಿಸ್ಟರ್ ಸ್ಟೂಲಿನ ಮೇಲೆ ಕೂತರು. "ಅಲ್ಲಿಂದ ಮುಚ್ಚಳದ ಸಂದಿಯಲ್ಲೇ ಹೊರಗೆ ಹೋಗಿಬಿಡುತ್ತೆ. ಮೂಗಿನ ತನಕ ಬರೋದೇ ಇಲ್ಲ."

"ಆದ್ರೆ ಗುಳ್ಳೆ ನಿಲ್ಲಲ್ಲ."

"ನಿಲ್ಲಲ್ಲ."

ಹೊರಗೆ ಗಾಳಿಮರಗಳು ಸುಯ್ಯೆಂದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುತ್ತಾರೆ. ಉಸಿರು ಕೊಡುವವನು ದೇವರು. ಅದು ಮೂಗಿಗೆ ತಲುಪಿತೇ ಎಂದು ನೋಡುವ ಚಿಕ್ಕ ಕೆಲಸವೊಂದನ್ನು ಮಾತ್ರ ನಮ್ಮ ಪಾಲಿಗೆ ಬಿಟ್ಟಿದ್ದಾನೆ. ಆ ಚಿಕ್ಕ ಕೆಲಸದಲ್ಲೇ ನಮ್ಮ ಕಣ್ಣು ತೂಕಡಿಸುತ್ತದೆ.

"ಕೊಳವೆ ತುದಿನ ನೀರಲ್ಲಿ ಅದ್ದಿ ನೋಡಬೇಕು ಅಂತ ಕಲಿಸಿದ್ರು," ಎಂದರು ಸಿಸ್ಟರ್. "ನಾನು ಬಾಟಲಿ ನೋಡ್ಕೊಂಡು ಮುಂದಕ್ಕೆ ಹೋದೆ. ಇಡೀ ವಾರ್ಡಿಗೆ ಒಬ್ಬಳೇ. ಗುಳ್ಳೆ ಕಂಡ್ರೆ ಸಾಕು ಅನ್ನಿಸ್ತಿತ್ತು."

"ನಿಮ್ಮನ್ನ ಯಾರೂ ಏನೂ ಅಂದಿಲ್ಲ ಸಿಸ್ಟರ್."

"ಅಂದ್ರೆ ಚೆನ್ನಾಗಿತ್ತು."

ಅಲೊಯ್ಸ್ ತೊಟ್ಟಿಲಿನ ಕಡೆ ತಿರುಗಿದ. "ದೊರೊತೆಯಾ, ಮಗಳೇ, ಆ ಬಾಟಲಿಗೆ ಯಾರಾದ್ರೂ ನೀರು ಹಾಕಿದ್ದು ನೋಡಿದ್ಯಾ?"

"ನನಗೆ ನಿದ್ದೆ ಬಂದಿತ್ತು," ಎಂದಳು ಹುಡುಗಿ. ಸ್ವಲ್ಪ ತಡೆದು, "ಅಮ್ಮ ಏನಾದ್ರೂ ತಿಂದಳಾ?"

"ಸುಟ್ಟ ಗೆಣಸು ಕೊಟ್ಟೆ. ಅರ್ಧ ತಿಂದು ಅರ್ಧ ನಿನಗೆ ಇಟ್ಟಿದ್ದಾಳೆ," ಎಂದರು ಸಿಸ್ಟರ್.

ಚರ್ಚಿನ ಮಧ್ಯಾಹ್ನದ ಗಂಟೆ ಬಾರಿಸಿತು. ಮೂವರೂ ಶಿಲುಬೆಯ ಗುರುತು ಹಾಕಿಕೊಂಡರು. ಗಂಟೆ ನಿಂತ ಮೇಲೂ ಅಂಗಳದಲ್ಲಿ ಏನೋ ಸದ್ದು ಉಳಿದಿತ್ತು. ಬರಿಗಾಲುಗಳ ಸದ್ದು.

* * *

ಕೆರೆಂಗಾ ಮುಖಕ್ಕೆಲ್ಲ ಸೂತಕದ ಬಿಳಿ ಜೇಡಿ ಬಳಿದುಕೊಂಡಿದ್ದ. ಅತ್ತು ಅತ್ತು ಜೇಡಿ ಗಲ್ಲದ ಮೇಲೆ ಗೀರು ಬಿದ್ದಿತ್ತು. ಅವನ ಹಿಂದೆ ಕುಲದ ಗಂಡಸರು, ಕೊಡಲಿಗಳನ್ನು ಹೆಗಲಿಗೆ ಒರಗಿಸಿಕೊಂಡು. ಯಾರಿಗೂ ಕೋಪ ಮಾಡುವಷ್ಟು ತ್ರಾಣ ಉಳಿದಂತಿರಲಿಲ್ಲ. ಅಲೊಯ್ಸನಿಗೆ ಹೆದರಿಕೆಯಾದದ್ದು ಅದಕ್ಕೇ. ಕೋಪ ಬಂದವನು ಮಾತು ಕೇಳಬಹುದು. ದಣಿದವನು ಕೆಲಸ ಮುಗಿಸಿ ಮಲಗಲು ನೋಡುತ್ತಾನೆ.

"ತಮ್ಮಾ ಅಲೊಯ್ಸ್," ಎಂದ ಕೆರೆಂಗಾ. "ನೀನು ನಮ್ಮ ಭಾಷೆ ಆಡೋನು. ನಿನ್ನ ಅಮ್ಮ ನಮ್ಮ ಮಣ್ಣಿನ ಗೆಣಸು ತಿಂದು ನಿನ್ನ ಹೆತ್ತಳು. ಆ ಹೆಂಗಸನ್ನ ಯಾಕೆ ಬಚ್ಚಿಟ್ಟಿದ್ದೀಯ?"

"ಬಚ್ಚಿಟ್ಟಿಲ್ಲ ಅಣ್ಣ. ಬಟ್ಟೆ ಕೋಣೇಲಿದ್ದಾಳೆ ಅಂತ ಇಡೀ ಬೆಟ್ಟಕ್ಕೇ ಗೊತ್ತು. ಬೀಗ ಮಾತ್ರ ನಮ್ಮದು."

"ಬೀಗ ಇದೆ, ಜೀಪಿಗೆ ಪೆಟ್ರೋಲ್ ಇಲ್ಲ," ಎಂದ ಹಿಂದಿನಿಂದ ಯಾರೋ.

"ಇದ್ದಿದ್ರೆ ನಿನ್ನನ್ನೇ ಮೊದಲು ಹತ್ತಿಸ್ಕೊಂಡು ಹೋಗ್ತಿದ್ದೆ," ಎಂದ ಅಲೊಯ್ಸ್.

ಒಂದಿಬ್ಬರು ನಕ್ಕರು. ಕೆರೆಂಗಾ ನಗಲಿಲ್ಲ.

"ಅಣ್ಣ, ಒಂದೇ ಮಾತು ಕೇಳ್ತೀನಿ. ಮಗುವಿಗೋಸ್ಕರ ಪ್ರಾರ್ಥನೆ ಮಾಡಿದ್ದು ಯಾರು?"

ಮುದುಕನ ಬೆನ್ನು ನೆಟ್ಟಗಾಯಿತು. "ನಾವೇನು ದೇವರಿಲ್ಲದೋರಾ? ಚರ್ಚಿನ ತೊಲೆ ಹೊತ್ತು ತಂದೋರಲ್ಲಿ ನಮ್ಮಪ್ಪ ಒಬ್ಬ. ಈಸ್ಟರ್ ತೀರ್ಥ ನಾನೇ ತಂದೆ. ನನ್ನ ಕೈಯಾರೆ ಆ ಬಾಟಲಿಗೆ ಹಾಕಿದೆ, ಮಗು ಎಳೆಯೋ ಉಸಿರೆಲ್ಲ ದೇವರ ನೀರು ದಾಟಿ ಬರಲಿ ಅಂತ. ಅಂಥಾ ಗಾಳಿ ಕುಡಿದ ಮಗು ಸಾಯಬೇಕಾದ್ರೆ ಎಂಥಾ ಮಾಟ ನಡೆದಿರಬೇಕು, ನೀನೇ ಯೋಚಿಸು."

ಅಲೊಯ್ಸ್ ಕಣ್ಣು ಮುಚ್ಚಿಕೊಂಡ. ತಾನು ಹುಡುಕಿಕೊಂಡು ಬಂದ ಕೈ ಇದೇ. ಸಿಕ್ಕಿತು ಎಂಬ ಸಮಾಧಾನ ಒಂದು ಕಡೆ. ಈ ಮುದುಕನಿಗೆ ಇದನ್ನು ತಿಳಿಸುವ ಬಾಯಿ ತನ್ನದೇ ಆಗಬೇಕಲ್ಲ ಎಂಬ ಭಾರ ಇನ್ನೊಂದು ಕಡೆ.

"ಒಳಗೆ ಬಾ ಅಣ್ಣ. ಕೊಡಲಿ ಹೊರಗಿಡು. ಉಳಿದೋರು ಕಿಟಕಿಯಿಂದ ನೋಡಲಿ."

"ಏನು ನೋಡೋದು?"

"ನೀರು."

ಕೆರೆಂಗಾ ಕೊಡಲಿಯನ್ನು ಹೊಸ್ತಿಲಿಗೆ ಒರಗಿಸಿ ಒಳಗೆ ಬಂದ. ಕಿಟಕಿಗಳಲ್ಲಿ ಜೇಡಿ ಬಳಿದ ಮುಖಗಳು ತುಂಬಿಕೊಂಡವು. ದೊರೊತೆಯಾ ಗೋಡೆಯ ಕಡೆಗೆ ಇನ್ನಷ್ಟು ಸರಿದು ಕೂತಳು.

ಸಿಸ್ಟರ್ ಸತ್ತ ಮಗುವಿನ ಬಾಟಲಿಯನ್ನು ಮತ್ತೆ ಯಂತ್ರಕ್ಕೆ ಸೇರಿಸಿದರು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿಯಾಗಿ ತಿರುವಿದರು. ಗುಳ್ಳೆ ಎದ್ದಿತು. ಮಗುವಿನ ಮೂಗಿಗೆ ಇಡುವ ತುದಿಯನ್ನು ತಗಡಿನ ಲೋಟದ ನೀರಿನಲ್ಲಿ ಅದ್ದಿದರು. ಅಲ್ಲೂ ಗುಳ್ಳೆ ಎದ್ದಿತು, ಸಣ್ಣದಾಗಿ, ಅನ್ನ ಕುದಿಯಲು ಶುರುವಾದಂತೆ.

"ಇದು ಮಗು ಕುಡಿಯೋ ಗಾಳಿ," ಎಂದ ಅಲೊಯ್ಸ್.

ಸಿಸ್ಟರ್ ಮುಚ್ಚಳವನ್ನು ತೆಗೆದರು. ಮತ್ತೆ ಹಾಕಿದರು, ಈ ಸಲ ಸ್ವಲ್ಪ ವಾರೆಯಾಗಿ, ಬಟ್ಟೆ ಸುತ್ತದೆ. ನೋಡಿದರೆ ಸರಿಯಾಗಿ ಕೂತಂತೆಯೇ ಇತ್ತು. ಬಾಟಲಿಯಲ್ಲಿ ಗುಳ್ಳೆ ಮೊದಲಿನಂತೆಯೇ ಎದ್ದಿತು, ಅಷ್ಟೇ ಚೆಂದಕ್ಕೆ, ಅಷ್ಟೇ ಜೋರಾಗಿ.

ಲೋಟದ ನೀರು ಮಾತ್ರ ಅಲುಗಲಿಲ್ಲ.

ಕೆರೆಂಗಾ ಬಾಗಿ ನೋಡಿದ. ಬಾಟಲಿ ನೋಡಿದ, ಲೋಟ ನೋಡಿದ. ಲೋಟದಲ್ಲಿ ಅವನದೇ ಬಿಳಿ ಮುಖ ನಿಶ್ಚಲವಾಗಿ ಕಂಡಿತು.

"ಇನ್ನೊಂದು ಸಲ ಮಾಡಿ," ಎಂದ.

ಸಿಸ್ಟರ್ ಇನ್ನೊಂದು ಸಲ ಮಾಡಿದರು. ಕಿಟಕಿಯಲ್ಲಿ ಯಾರೋ ಕೆಮ್ಮಿದರು.

ಮುದುಕ ಗೋಡೆಯ ಮೇಲೆ ಅಡಿಕೆ ಉಗುಳಬೇಡಿ ಎಂದು ಬರೆದದ್ದರ ಕೆಳಗೆ, ಹಳೆಯ ಕೆಂಪು ಕಲೆಗಳಿಗೆ ಬೆನ್ನು ಕೊಟ್ಟು ಕೂತ. ಅಲೊಯ್ಸ್ ಅವನ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟ.

"ಮಾಟ ಇಲ್ಲ ಅಣ್ಣ. ಯಾರೂ ಏನೂ ಕದ್ದಿಲ್ಲ. ನೀನು ಮಗುವಿಗೆ ದೇವರನ್ನ ಕೊಡೋಕೆ ಹೋದೆ. ದೇವರಿಗೆ ಅದು ಗೊತ್ತು. ಹೋಗಿ ಮಗುವನ್ನ ಮಣ್ಣು ಮಾಡೋಣ. ನಾನೂ ಬರ್ತೀನಿ."

ಕೆರೆಂಗಾ ಬಲಗೈಯನ್ನು ಎತ್ತಿ ಅಲೊಯ್ಸನ ಮುಖದ ಮುಂದೆ ಹಿಡಿದ.

"ಈ ಕೈ ನೋಡು," ಎಂದ.

ಆ ಕೈ ಅಲೊಯ್ಸನಿಗೆ ಹುಡುಗನಾಗಿದ್ದಾಗಿನಿಂದ ಗೊತ್ತು. ಹಳೆಯ ಕುಲಕಾಳಗದಲ್ಲಿ ಬಾಣ ಅಂಗೈ ತೂರಿ ಹೋಗಿತ್ತು. ಬೆರಳುಗಳು ಒಣಗಿದ ಶುಂಠಿಯಂತೆ ಸೆಟೆದು ನಿಂತಿದ್ದವು. ಕೊಡಲಿ ಹಿಡಿಯುವುದಿದ್ದರೆ ಎಡಗೈಯಲ್ಲೇ ಹಿಡಿಯುತ್ತಿದ್ದ.

"ಬಾಟಲಿನ ಮಂಡಿ ಸಂದಿಲಿ ಅದುಮಿ ಎಡಗೈಲಿ ಮುಚ್ಚಳ ತಿರುವಿ ತೆಗೆದೆ. ತೀರ್ಥ ಹಾಕಿದೆ. ಮತ್ತೆ ನೆಟ್ಟಗೆ ಕೂರಿಸಿ ಮುಚ್ಚೋಕೆ ಒಂದು ಕೈಲಿ ಬಾಟಲಿ ಹಿಡೀಬೇಕು, ಒಂದು ಕೈಲಿ ತಿರುವಬೇಕು. ನನ್ನಿಂದ ಆಗಲಿಲ್ಲ ತಮ್ಮಾ. ತೆಗೆದದ್ದು ನಾನು. ಹಾಕಿದ್ದು ನಾನಲ್ಲ."

ಸಿಸ್ಟರ್ ಲೋಟವನ್ನು ಕೆಳಗಿಟ್ಟರು.

"ಮತ್ತೆ ಯಾರು?" ಎಂದ ಅಲೊಯ್ಸ್. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು.

"ಪಕ್ಕದಲ್ಲಿ ಕೂತಿದ್ದೋಳು. ಅಮ್ಮಾ, ಇದೊಂದು ಮುಚ್ಚಿಕೊಡು ಅಂತ ನಾನೇ ಬೇಡಿಕೊಂಡೆ. ಅವಳೇ. ತೆಕ್ಲಾ."

ಕಿಟಕಿಯ ಮುಖಗಳು ಒಂದೊಂದಾಗಿ ಮಾಯವಾದವು.

* * *

ಬಟ್ಟೆ ಕೋಣೆ ಜಗಲಿಯ ಆ ತುದಿಗೆ. ಅಲೊಯ್ಸ್ ಕುಂಟುತ್ತಾ ಓಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗಂಡಸರು ಎದುರಿಗೆ ನಿಂತರು. ಯಾರೂ ಕೊಡಲಿ ಎತ್ತಿರಲಿಲ್ಲ. ಈಗ ಅವರಿಗೆ ಮಾಟ ಬೇಕಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿಯೇ ಇತ್ತು, ಅದನ್ನು ತೋರಿಸಿಕೊಟ್ಟವನು ಪೊಲೀಸಿನವನೇ.

"ಬಾಗಿಲು ತೆಗಿ ಅಪ್ಪಾ," ಎಂಬ ದನಿ ಒಳಗಿನಿಂದ ಬಂತು. "ಕಿಟಕಿ ಇಲ್ಲ ಇಲ್ಲಿ. ಸೆಖೆ."

"ಅಮ್ಮಾ, ನೀವು ಸುಮ್ಮನಿರಿ."

"ಸುಮ್ಮನಿದ್ದು ಸಾಕಾಯ್ತು. ಸಿಸ್ಟರ್, ತೆಗೀರಿ."

ಸಿಸ್ಟರ್ ಅಲೊಯ್ಸನ ಮುಖ ನೋಡಿದರು. ಬೀಗ ತೆಗೆಯದಿದ್ದರೆ ಬಾಗಿಲು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತೆಗೆದರು.

ತೆಕ್ಲಾ ಕುಳ್ಳಗಿನ ಹೆಂಗಸು. ಹೆಣೆದ ಜೋಳಿಗೆಯನ್ನು ಹಣೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡಿದ್ದಳು, ಸಂತೆಗೆ ಹೊರಟವಳಂತೆ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೆರೆಂಗಾನನ್ನು ಹುಡುಕಿದಳು.

"ಮುಚ್ಚಿದ್ದು ನಾನೇ," ಎಂದಳು. "ಇಲ್ಲ ಅಂದೋರು ಯಾರು? ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

"ವಾರೆ ಹಾಕಿದೆ," ಎಂದ ಒಬ್ಬ.

"ನೆಟ್ಟಗೆ ಹಾಕಿದೆ. ಬಿಗಿ ಮಾಡಿದೆ. ಕೊಳವೆ ತುದಿನ ಕೆನ್ನೆಗೆ ಇಟ್ಟುಕೊಂಡು ನೋಡಿದೆ. ತಣ್ಣಗೆ ಗಾಳಿ ಬಂತು. ಆಮೇಲೇ ನಿಮ್ಮ ಕೂಸಿನ ಮೂಗಿಗೆ ಇಟ್ಟದ್ದು. ಕೆರೆಂಗಾ ಅಪ್ಪ ಹೋಗಿಬಿಟ್ಟಿದ್ರು, ಅವರು ನೋಡಲಿಲ್ಲ."

"ಹಾಗಾದ್ರೆ ಅದು ಸಡಿಲ ಆದದ್ದು ಹೇಗೆ?" ಕೇಳಿದ ಅಲೊಯ್ಸ್.

"ಆಮೇಲೆ ಇನ್ನೊಂದು ಕೈ ಮುಟ್ಟಿತು. ನೋಡಿದೀನಿ."

"ಯಾರ ಕೈ?"

"ನೋಡಿದೀನಿ ಅಂದೆ. ಹೇಳ್ತೀನಿ ಅಂದಿಲ್ಲ."

"ಅಮ್ಮಾ, ಹೇಳದಿದ್ರೆ ಇವರು ನಿಮ್ಮನ್ನ ಉಳಿಸಲ್ಲ."

"ನನ್ನ ತಲೆ ನೆರೆತಿದೆ ಸಾರ್ಜೆಂಟಪ್ಪ, ಬುದ್ಧಿ ನೆಟ್ಟಗಿದೆ. ಅದೆಲ್ಲ ಗೊತ್ತು ನನಗೆ." ಅವಳು ಕೆರೆಂಗಾನ ಕಡೆ ತಿರುಗಿದಳು. "ನಡಿ ಅಪ್ಪ. ನಿನಗೂ ಸುಸ್ತು, ನನಗೂ ಸುಸ್ತು. ನನ್ನನ್ನೇ ಕರ್ಕೊಂಡು ಹೋಗು. ಬೇರೆ ಯಾರನ್ನೂ ಕೇಳಬೇಡ."

ಕೆರೆಂಗಾ ನೆಲ ನೋಡಿದ.

ಅಲೊಯ್ಸ್ ಆ ಮುದುಕಿಯ ಮುಖವನ್ನೇ ನೋಡುತ್ತಿದ್ದ. ಸಾವನ್ನು ಎದುರಿಗೆ ಇಟ್ಟುಕೊಂಡೂ ಒಂದು ಹೆಸರನ್ನು ನುಂಗಿಕೊಂಡು ನಿಲ್ಲುವ ಹೆಂಗಸಿಗೆ ಈ ಆಸ್ಪತ್ರೆಯಲ್ಲಿ ಆ ಹೆಸರು ಯಾರದಿರಬಹುದು? ಇಲ್ಲಿ ಅವಳಿಗೆ ತನ್ನವರು ಎನ್ನುವವರು ಎಷ್ಟು ಜನ?

ಮಗಳೊಬ್ಬಳೇ. ದೊರೊತೆಯಾ. ಅವನು ಜಗಲಿಯುದ್ದಕ್ಕೂ ವಾಪಸು ಓಡಿದ.

ವಾರ್ಡಿನ ಹಿಂಬಾಗಿಲು ತೆರೆದಿತ್ತು. ತೊಟ್ಟಿಲಿನಲ್ಲಿ ಕಂಬಳಿ ಇತ್ತು, ಅದರ ಮೇಲೆ ಕೊಳವೆ ಬಿದ್ದು ಸುಂಯ್ ಎನ್ನುತ್ತಿತ್ತು. ಮಗು ಇರಲಿಲ್ಲ. ದೊರೊತೆಯಾ ಇರಲಿಲ್ಲ.

ಹಿಂದೆಯೇ ಬಂದ ಸಿಸ್ಟರ್ ತೊಟ್ಟಿಲಿನ ಅಂಚು ಹಿಡಿದುಕೊಂಡರು. "ಆ ಮಗುವಿಗೆ ಇನ್ನೂ ಆಕ್ಸಿಜನ್ ಬೇಕು. ಕೊಳವೆ ಸ್ವಲ್ಪ ಜಾರಿದ್ರೂ ತುಟಿ ನೀಲಿ ಆಗ್ತಿತ್ತು. ಬೆಟ್ಟ ಇಳಿಯೋ ತನಕ ಅದು ಬದುಕಲ್ಲ ಸಾರ್ಜೆಂಟ್."

ಜಗಲಿಯ ಆ ತುದಿಯಲ್ಲಿ ಗಂಡಸರ ದನಿ ಏಳತೊಡಗಿತ್ತು. ಅಲೊಯ್ಸ್ ಹೊಸ್ತಿಲಲ್ಲಿ ಕೂತು ಬೂಟು ಕಳಚಿದ. ಆ ಜಾರು ದಾರಿಯಲ್ಲಿ ಬೂಟು ಹಾಕಿಕೊಂಡು ಓಡಿದವರು ಯಾರೂ ಇಲ್ಲ. ಷರಟಿನ ಜೇಬಿನಿಂದ ಜಪಮಾಲೆ ತೆಗೆದು ಸಿಸ್ಟರ್ ಕೈಗೆ ಹಾಕಿದ.

"ಹೋಗಿ ತೆಕ್ಲಾ ಪಕ್ಕ ಮಂಡಿಯೂರಿ. ಸತ್ತ ಮಗುವಿಗೆ ಅಂತ ಹೇಳಿ ಜಪ ಶುರು ಮಾಡಿ. ಅವರೂ ಮಂಡಿಯೂರ್ತಾರೆ, ಊರಲೇಬೇಕು. ಜಪದ ಮಧ್ಯೆ ಕೊಡಲಿ ಎತ್ತೋ ಗಂಡಸು ಈ ಬೆಟ್ಟದಲ್ಲಿ ಹುಟ್ಟಿಲ್ಲ."

"ಜಪ ಮುಗಿದ ಮೇಲೆ?"

ಅವನು ಆಗಲೇ ಗಾಳಿಮರಗಳ ನಡುವೆ ಇಳಿಯುತ್ತಿದ್ದ. ಕೆಳಗೆ ಎಲ್ಲೋ, ಬಲು ಕೆಳಗೆ, ಕಲ್ಲೊಂದು ಉರುಳಿದ ಸದ್ದು. ಮೇಲೆ ಸಿಸ್ಟರ್ ಸ್ಕೊಲಾಸ್ಟಿಕಾ ಜಪ ಶುರು ಮಾಡಿದ್ದು ಕೇಳಿಸಿತು, ಅದಕ್ಕೆ ದನಿಗೂಡಿಸುವ ಗಂಡಸರ ಒರಟು ಗಂಟಲುಗಳೂ ಕೇಳಿಸಿದವು.

ಸಿಸ್ಟರ್ ಯಾವಾಗಲೂ ಜಪವನ್ನು ಬೇಗ ಬೇಗ ಹೇಳುವವರು. ಇವತ್ತೂ ಹಾಗೇ ಹೇಳುತ್ತಿದ್ದರು.